ವಿಮಾನ ಕಲಿಸುವುದೋ, ವಿಮಾನ ನಡೆಸುವುದೋ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಲಿಯವರು ಮನೆಗೆ ಬಂದಾಗ ಅವರ ಮನಸ್ಸಿನಲ್ಲಿದ್ದುದು ಗಡಿನಾಡಿನ ಕನ್ನಡ ಶಿಕ್ಷಣದ ಕಷ್ಟಸುಖಗಳನ್ನು ಕುರಿತ ಬರಹ. ಆ ವಿಷಯವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದ್ದರಿಂದ ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಮ್ಯಾಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿ, ಆಯುಷ್ಯವನ್ನೆಲ್ಲ ಭಿನ್ನರಾಶಿ ಹಾಗೂ ಸಂಧಿಸಮಾಸಗಳಲ್ಲಿ ಕಳೆದ, ಎಪ್ಪತ್ತು ದಾಟಿದ ನಿವೃತ್ತ ಮುಖ್ಯಾಧ್ಯಾಪಕನೊಬ್ಬ ವಿಮಾನದ ಬಗೆಗೆ ಬರೆಯಹೊರಡುವುದು ಹಾಸ್ಯಾಸ್ಪದವೆಂದು ತೋರಬಹುದು. ಕಾರಣವನ್ನು ಕೇಳಿದ ಮೇಲೆ ವಾಚಕರು ಕ್ಷಮಿಸುವರೆಂದು ನಂಬಿದ್ದೇನೆ.

ಎರಡು ವರ್ಷಗಳ ಹಿಂದೆ, ಮಳೆಗಾಲ ಮುಗಿಯುತ್ತ ಬಂದಾಗ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗನನ್ನು ಕರೆದುಕೊಂಡು ಮಿರಜದ ನಮ್ಮ ಮನೆಗೆ ಬಂದ. ತಂದೆ ತಾಲೂಕಿನ ಪೂರ್ವಭಾಗದ ರೈತ. ನಾಲ್ಕು ಎಕರೆ ದ್ರಾಕ್ಷಿ ತೋಟ. ಮಗನೂ ಏಳನೆಯ ಇಯತ್ತೆಯವರೆಗೆ ನಮ್ಮ ಶಾಲೆಯಲ್ಲಿಯೇ ಕಲಿತವನು. ಅವನಿಗೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಸಿಕ್ಕು ಎಂಟು ತಿಂಗಳಾಗಿದ್ದವು. ಆ ಲೈಸೆನ್ಸಿಗಾಗಿ ಎರಡು ಎಕರೆ ತೋಟ ಬ್ಯಾಂಕಿನಲ್ಲಿ ಅಡವು ಬಿದ್ದಿತ್ತು. ಈಗ ಅವನ ಮುಂದೆ ಎರಡು ದಾರಿಗಳು. ತಾನು ಕಲಿತ ಹಾರಾಟದ ಶಾಲೆಯವರು, 'ಸಹಾಯಕ ಬೋಧಕನ ಪರೀಕ್ಷೆ ಪಾಸು ಮಾಡಿಕೋ, ನಮ್ಮಲ್ಲಿಯೇ ಕೆಲಸ ಕೊಡುತ್ತೇವೆ' ಎಂದಿದ್ದರು. ಸಣ್ಣ ಊರುಗಳ ನಡುವೆ ವಿಮಾನ ಓಡಿಸುವ ಒಂದು ಪ್ರಾದೇಶಿಕ ಕಂಪನಿಯವರು, ಲೇಖಿ ಪರೀಕ್ಷೆ ಮತ್ತು ಸಂದರ್ಶನ ಮುಗಿಸಿ, 'ನಮ್ಮ ಜಾತಿಯ ವಿಮಾನದ ತರಬೇತಿಯನ್ನು ಸ್ವಂತ ಖರ್ಚಿನಲ್ಲಿ ಮಾಡಿಕೊಂಡು ಬಾ, ಸಹಪೈಲಟ್ ಆಗಿ ತೆಗೆದುಕೊಳ್ಳುತ್ತೇವೆ' ಎಂದಿದ್ದರು.

"ಗುರುಜೀ, ಇವಗ ನೀವೇ ಒಂದ್ ಮಾತ್ ಹೇಳ್ರಿ. ನಾ ಹೇಳಿದ್ರ ಬರೇ ರೊಕ್ಕದ ಮಾತ ಅಂತಾನ" ಎಂದ ತಂದೆ.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದುದನ್ನು ಗೊತ್ತಿದ್ದಂತೆ ಹೇಳಿ ಐವತ್ತು ಮಕ್ಕಳನ್ನು ನಂಬಿಸಬಹುದು. ಒಂದು ಕುಟುಂಬದ ತೋಟದ ಮೇಲೆ ಹಾಗೆ ಮಾತನಾಡಲಾಗದು. ಎಂಟು ದಿನ ಅವಕಾಶ ಕೇಳಿದೆ. ಆ ಎಂಟು ದಿನ ಆ ಹುಡುಗನನ್ನೇ ಗುರುವಾಗಿ ಮಾಡಿಕೊಂಡು ಪಾಠ ಹೇಳಿಸಿಕೊಂಡೆ. ಉಳಿದುದನ್ನು ಓದಿ ತಿಳಿದೆ. ಇಂಥ ಪ್ರಶ್ನೆ ಮುಂದೆ ನಮ್ಮ ಇನ್ನೂ ಕೆಲವು ಮನೆಗಳ ಹೊಸ್ತಿಲಿಗೆ ಬರಲಿರುವುದರಿಂದ ಅದನ್ನೇ ಇಲ್ಲಿ ಪಾಠದ ರೂಪದಲ್ಲಿ ಇಡುತ್ತಿದ್ದೇನೆ.

ವಿಮಾನವು ನಮ್ಮ ಭಾಗಕ್ಕೆ ತೀರ ಹೊಸತೇನಲ್ಲ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ಮದ್ರಾಸಿಗೆ ಅದನ್ನು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಆ ವಿಮಾನ ನಡುವೆ ಇಳಿದದ್ದು ಕನ್ನಡದ ಬಳ್ಳಾರಿಯಲ್ಲಿ. ಭಾರತದ ನಾಗರಿಕ ವಿಮಾನಯಾನದ ಮೊದಲ ಪುಟದಲ್ಲಿಯೇ ಕನ್ನಡನಾಡಿನ ಹೆಸರಿದೆ ಎಂದು ತರಗತಿಯಲ್ಲಿ ಹೇಳುವಾಗ ನನಗೆ ಯಾವಾಗಲೂ ಹಿಗ್ಗು. ಕೊಲ್ಹಾಪುರದ ವಿಮಾನ ನಿಲ್ದಾಣ ರಾಜಾರಾಮ ಮಹಾರಾಜರ ಕಾಲದ್ದು, 1939ರದು. ಸಾಂಗಲಿಯ ಬಗಲಿನ ಕವಲಾಪುರದಲ್ಲಿ ಹಳೆಯ ಓಡುದಾರಿ ಇರುವುದು ಎಲ್ಲರಿಗೂ ಗೊತ್ತು. ಅಲ್ಲಿ ವಿಮಾನ ನಿಲ್ದಾಣವಾಗಬೇಕೆಂಬ ಬೇಡಿಕೆಯ ವಯಸ್ಸೂ ಸಣ್ಣದಲ್ಲ.

ಆದರೆ ವಿಮಾನದ ಉದ್ಯೋಗ ನಮ್ಮಂಥವರ ಮನೆಯ ಮಾತಾದುದು ಈಚೆಗೆ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಹುಬ್ಬಳ್ಳಿಯಂಥ ಊರುಗಳಿಗೆ ಕಡಿಮೆ ದರದ ವಿಮಾನ ತಂದರು. ಕೇಂದ್ರ ಸರಕಾರದ 'ಉಡಾನ್' ಯೋಜನೆಯ ಮೊದಲ ವಿಮಾನ 2017ರ ಏಪ್ರಿಲಿನಲ್ಲಿ ಹಾರಿತು. ಜಯಸಿಂಗಪುರದ ಆಚೆಗೆ, ಕೊಲ್ಹಾಪುರದ ದಾರಿಯಲ್ಲಿರುವ ಅತಿಗ್ರೆಯ ಘೋಡಾವತ ಸಮೂಹದವರ ಸ್ಟಾರ್ ಏರ್ 2019ರ ಜನವರಿಯಲ್ಲಿ ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಕೆಲಸ ಆರಂಭಿಸಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಬೆಳಗಾವಿ, ಕಲಬುರಗಿ, ಜಳಗಾಂವ, ಖಜುರಾಹೊ, ಲೀಲಾಬರಿ ಈ ಐದು ಕಡೆ ಹಾರಾಟದ ಶಾಲೆಗಳಿಗೆ ಸ್ಥಳಾವಕಾಶ ಕೊಟ್ಟಿತು. ಬಾರಾಮತಿಯಲ್ಲಿ ಇಂಥ ಶಾಲೆ ಮೊದಲಿನಿಂದಲೇ ಇತ್ತು. ಹೀಗೆ ಉತ್ತರಕ್ಕೆ ಬಾರಾಮತಿ, ದಕ್ಷಿಣಕ್ಕೆ ಬೆಳಗಾವಿ, ನಡುವೆ ನಾವು.

ಈಗ ಪಾಠಕ್ಕೆ ಬರುವೆ. ನಮ್ಮ ದೇಶದಲ್ಲಿ ಸಂಬಳಕ್ಕಾಗಿ ವಿಮಾನ ನಡೆಸಲು ಬೇಕಾದುದು ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಅದನ್ನು ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಹದಿನೆಂಟು ವರ್ಷ ತುಂಬಿರಬೇಕು. ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾನೇ ವಿಮಾನದ ಯಜಮಾನನಾಗಿ ಹಾರಿರಬೇಕು. 300 ನಾಟಿಕಲ್ ಮೈಲಿನ ಒಂದು ದೂರದ ಹಾರಾಟವನ್ನು, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು, ಪೂರೈಸಿರಬೇಕು. ಇದರ ಜೊತೆಗೆ ದಿಕ್ಕು, ಹವಾಮಾನ, ಕಾಯದೆ, ಯಂತ್ರ ಇವುಗಳ ಲೇಖಿ ಪರೀಕ್ಷೆಗಳು ಮತ್ತು ರೇಡಿಯೋದಲ್ಲಿ ಮಾತನಾಡುವ ಪರವಾನಗಿ. ಪ್ರಥಮ ದರ್ಜೆಯ ವೈದ್ಯಕೀಯ ತಪಾಸಣೆಯಲ್ಲಿ ಉತ್ತೀರ್ಣನಾಗದಿದ್ದರೆ ಇವೆಲ್ಲ ಇದ್ದೂ ವ್ಯರ್ಥ. ಈ ತಪಾಸಣೆಯನ್ನು ಮೊದಲು ಮಾಡಿಸಿಕೊಂಡು ಆಮೇಲೆ ಹೊಲದ ಉತಾರೆಯನ್ನು ಬ್ಯಾಂಕಿಗೆ ಒಯ್ಯಬೇಕು. ಉತಾರೆ ಮೊದಲು, ಕಣ್ಣಿನ ಡಾಕ್ಟರು ಆಮೇಲೆ ಎಂಬ ಉಲ್ಟಾ ಕ್ರಮವನ್ನು ಅನುಸರಿಸುವ ತಂದೆತಾಯಿಗಳು ಇದ್ದಾರೆಂದು ಆ ಹುಡುಗನೇ ಹೇಳಿದ.

ಅಮೇರಿಕದ ಪದ್ಧತಿ ಬೇರೆ. ಅಲ್ಲಿ 2013ರಿಂದ ಪ್ರಯಾಣಿಕರ ವಿಮಾನದ ಸಹಪೈಲಟ್ ಆಗಲಿಕ್ಕೂ ಸಾಮಾನ್ಯವಾಗಿ 1500 ಗಂಟೆಗಳ ಅನುಭವ ಬೇಕು, ಕೆಲವು ವಿನಾಯತಿಗಳುಂಟು. ಹೊಸ ಪೈಲಟನು ಆ ಗಂಟೆಗಳನ್ನು ಕೂಡಿಸುವ ದಾರಿಯೆಂದರೆ ಹೆಚ್ಚಾಗಿ ಇತರರಿಗೆ ಕಲಿಸುವುದು. ಅಲ್ಲಿ ಬೋಧಕನ ಕೆಲಸ ಒಂದು ಏಣಿ. ಬಹಳ ಮಂದಿ ಏರಿ ಹೋಗಿಬಿಡುತ್ತಾರೆ. ನಮ್ಮಲ್ಲಿ 200 ಗಂಟೆಯ ಹುಡುಗನೂ, ಕಂಪನಿ ತೆಗೆದುಕೊಂಡರೆ, ಎಪ್ಪತ್ತು ಜನ ಕೂಡುವ ವಿಮಾನದ ಸಹಪೈಲಟ್ ಆಗಬಲ್ಲ. 1500 ಗಂಟೆಯ ನಿಯಮ ನಮ್ಮಲ್ಲಿ ಬರುವುದು ಮುಂದಿನ ದೊಡ್ಡ ಲೈಸೆನ್ಸಿಗೆ, ಅಂದರೆ ಕ್ಯಾಪ್ಟನ್ ಆಗುವ ಹಂತಕ್ಕೆ. ಆದುದರಿಂದ ಅಮೇರಿಕದ ಸಲಹೆಯನ್ನು ಓದಿ ನಮ್ಮ ಮಕ್ಕಳು ದಾರಿ ನಿಶ್ಚಯಿಸಬಾರದು. ಅಲ್ಲಿ ಕಲಿಸುವುದು ಬಹುಮಟ್ಟಿಗೆ ಅನಿವಾರ್ಯ. ಇಲ್ಲಿ ಅದು ಆಯ್ಕೆ. ಆಯ್ಕೆಯಾದ ಕಾರಣದಿಂದಲೇ ಕಠಿಣ.

ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ಸಂಗತಿ ಕುರ್ಚಿಯದು. ಹುಡುಗ ನನ್ನ ಊಟದ ಮೇಜಿನ ಮುಂದೆ ಎರಡು ಕುರ್ಚಿ ಹಾಕಿ ತೋರಿಸಿದ. ಕಲಿಕೆಯ ಸಣ್ಣ ಸೆಸ್ನಾ ವಿಮಾನದಲ್ಲಿ ವಿದ್ಯಾರ್ಥಿ ಎಡಗಡೆ, ಬೋಧಕ ಬಲಗಡೆ. ಪ್ರಯಾಣಿಕರ ವಿಮಾನದಲ್ಲಿ ಕ್ಯಾಪ್ಟನ್ ಎಡಗಡೆ, ಸಹಪೈಲಟ್ ಬಲಗಡೆ. ಅಂದರೆ ಇವನು ಯಾವ ನೌಕರಿ ಹಿಡಿದರೂ ಕೂಡುವುದು ಬಲಗಡೆಯ ಕುರ್ಚಿಯಲ್ಲಿಯೇ! ಆದರೆ ಒಂದರಲ್ಲಿ ಅವನು ಗುರು, ಇನ್ನೊಂದರಲ್ಲಿ ಶಿಷ್ಯ. ಸೆಸ್ನಾದ ಬಲಗುರ್ಚಿಯಲ್ಲಿ ಅವನೇ ವಿಮಾನದ ಹೊಣೆಗಾರ. ಪಕ್ಕದವನು ತಪ್ಪಿದರೆ ಕೇಳುವುದು ಇವನನ್ನು. ಎಟಿಆರ್ ವಿಮಾನದ ಬಲಗುರ್ಚಿಯಲ್ಲಿ ಹೊಣೆ ಎಡಗಡೆಯವರದು. ಅಲ್ಲಿ ಇವನು ನೋಡಿ, ಕೇಳಿ, ನೆರವಾಗಿ, ತಪ್ಪು ಕಂಡರೆ ಧೈರ್ಯದಿಂದ ಹೇಳಿ, ದೊಡ್ಡ ಯಂತ್ರವನ್ನು ನಿಯಮಕ್ಕೆ ತಕ್ಕಂತೆ ನಡೆಸುವುದನ್ನು ಕಲಿಯುತ್ತಾನೆ. ಲಾಗ್ ಬುಕ್ಕಿನಲ್ಲಿ ಎರಡೂ ಗಂಟೆಗಳೇ. ಆದರೆ ಬರೆಯುವ ಕಾಲಮ್ಮು ಬೇರೆ.

"ಹಾಗಾದರೆ ಯಾವ ಗಂಟೆ ಹೆಚ್ಚಿನದು?" ಎಂದು ಕೇಳಿದೆ. ಕಂಪನಿಗಳು ದೊಡ್ಡ ವಿಮಾನದ ಗಂಟೆಗೆ ಹೆಚ್ಚು ಬೆಲೆ ಕೊಡುತ್ತವೆ ಎಂದ. ಅದು ಬಾಜಾರದ ಉತ್ತರ. ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಬ್ಯಾಂಕಿನ ಹಪ್ತೆಯೂ ಬಾಜಾರದ್ದೇ. ಆದರೆ ಅಮೇರಿಕದ 1500 ಗಂಟೆಯ ನಿಯಮ ಹೇಗೆ ಹುಟ್ಟಿತೆಂಬುದನ್ನು ಓದಿದಾಗ ನನಗೆ ಬೇರೊಂದು ಉತ್ತರ ಸಿಕ್ಕಿತು.

2009ರ ಫೆಬ್ರವರಿ 12ರ ರಾತ್ರಿ ಅಮೇರಿಕದ ಬಫಲೋ ನಗರದ ಹತ್ತಿರ ಒಂದು ಪ್ರಾದೇಶಿಕ ವಿಮಾನ ಮನೆಯೊಂದರ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 49 ಜನರೂ ನೆಲದ ಮೇಲಿದ್ದ ಒಬ್ಬರೂ ಸತ್ತರು. ಇಳಿಯುವ ಹೊತ್ತಿಗೆ ವೇಗ ತಗ್ಗಿದೆಯೆಂದು ಯಂತ್ರವು ಹಿಡಿಕೆಯನ್ನು ಅಲುಗಿಸಿ ಎಚ್ಚರಿಸಿತು. ಕ್ಯಾಪ್ಟನ್ ಹಿಡಿಕೆಯನ್ನು ಹಿಂದಕ್ಕೆ ಎಳೆದರು. ತಳ್ಳಬೇಕಾಗಿತ್ತು. ಚಿಕ್ಕಂದಿನಲ್ಲಿ ಗಾಳಿಪಟ ಹಾರಿಸಿದವರಿಗೆ ಇದು ಅರ್ಥವಾದೀತು. ಪಟವು ಗಾಳಿಗೆ ಒಂದು ಹದವಾದ ಓರೆಯಲ್ಲಿ ನಿಂತರೆ ಏರುತ್ತದೆ. ಓರೆ ಮಿತಿಮೀರಿದರೆ ತತ್ತರಿಸಿ ಬೀಳುತ್ತದೆ. ರೆಕ್ಕೆಗೂ ಹಾಗೆಯೇ; ಅದು ಗಾಳಿಯನ್ನು ಎದುರಿಸುವ ಕೋನ ಮೀರಿದಾಗ ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಆಗ ಮೂಗನ್ನು ತಗ್ಗಿಸಿ ವೇಗ ಕೂಡಿಸಿಕೊಳ್ಳಬೇಕು. ಬೀಳುವ ಭಯದಲ್ಲಿರುವ ಮನುಷ್ಯನ ಕೈ ಮಾತ್ರ ಹಿಡಿಕೆಯನ್ನು ಎದೆಗೆ ಎಳೆದುಕೊಳ್ಳಲು ಹೋಗುತ್ತದೆ. ಮನಸ್ಸಿನ ಈ ಸ್ವಭಾವವನ್ನು ತಿದ್ದುವ ಪಾಠವನ್ನು ವಿದ್ಯಾರ್ಥಿ ಮೊದಲ ಸಲ ಒಬ್ಬನೇ ಹಾರುವ ಮುಂಚೆಯೇ ಬಲಗುರ್ಚಿಯ ಬೋಧಕನು ಮತ್ತೆ ಮತ್ತೆ ಹೇಳಿಕೊಡುತ್ತಾನೆ. ಆ ದುರಂತದ ತರುವಾಯ 2010ರಲ್ಲಿ ಅಲ್ಲಿಯ ಸಂಸತ್ತು ಕಾಯದೆ ಮಾಡಿತು; ಅದರಿಂದ 1500 ಗಂಟೆಯ ನಿಯಮ ಬಂದಿತು. ಸ್ವಾರಸ್ಯವೆಂದರೆ ಆ ವಿಮಾನದ ಪೈಲಟರಿಬ್ಬರಿಗೂ 1500ಕ್ಕಿಂತ ಹೆಚ್ಚು ಗಂಟೆಗಳಿದ್ದವು.

ಗಂಟೆಗಳನ್ನು ಎಣಿಸುವುದು ಸುಲಭ, ಆದುದರಿಂದ ಸರಕಾರಗಳು ಗಂಟೆಗಳನ್ನೇ ಎಣಿಸುತ್ತವೆ. ನಮ್ಮ ಇಲಾಖೆಯವರೂ ಶಿಕ್ಷಕನ ಸೇವಾವರ್ಷಗಳನ್ನು ಎಣಿಸುತ್ತಿದ್ದರೇ ಹೊರತು ಎಷ್ಟು ಮಕ್ಕಳಿಗೆ ಮಗ್ಗಿ ಬಂದಿತೆಂದು ಎಣಿಸುತ್ತಿರಲಿಲ್ಲ.

ಇನ್ನು ಹಣದ ಮಾತು. ದೊಡ್ಡ ವಿಮಾನ ನಡೆಸಲು ಆ ಒಂದು ಜಾತಿಯ ವಿಮಾನದ ಮೇಲೆ ಪ್ರತ್ಯೇಕ ತರಬೇತಿ ಆಗಬೇಕು. ಇದಕ್ಕೆ ಟೈಪ್ ರೇಟಿಂಗ್ ಎಂದು ಹೆಸರು. ಖರ್ಚು ಹಲವು ಲಕ್ಷ. ಎಟಿಆರ್ ವಿಮಾನದ ರೇಟಿಂಗ್ ಏರ್‌ಬಸ್ಸಿಗೆ ನಡೆಯದು. ಆ ವಿಮಾನವಿರುವ ಕಂಪನಿ ಕರೆಯದಿದ್ದರೆ ಅದು ಪೆಟ್ಟಿಗೆಯೊಳಗಿನ ಕಾಗದ. ಕಂಪನಿಗಳಾದರೋ ಶಾಶ್ವತವೆಂದು ಹೇಳುವಂತಿಲ್ಲ. ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರಿನಲ್ಲಿ ವಿಲೀನವಾಯಿತು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ನಡುವೆ 2020ರ ಮಹಾಮಾರಿಯಲ್ಲಿ ದೇಶದೊಳಗಿನ ಪ್ರಯಾಣಿಕರ ವಿಮಾನಗಳೆಲ್ಲ ಎರಡು ತಿಂಗಳು ನೆಲಕ್ಕಂಟಿ ನಿಂತವು. ಒಂದು ಕಂಪನಿ ನಿಂತಾಗ ಅನುಭವಿ ಪೈಲಟರ ಗುಂಪೇ ಬೀದಿಗೆ ಬರುತ್ತದೆ. ಆಗ ಹೊಸ ಹುಡುಗನನ್ನು ಯಾರು ಕರೆಯುತ್ತಾರೆ? ಹಾಗೆಂದು ಬೋಧಕನ ಕೆಲಸ ಭದ್ರವೆಂದಲ್ಲ. ಸಂಬಳ ಕಡಿಮೆ, ಹಲವು ಕಡೆ ಹಾರಿದ ಗಂಟೆಗೆ ಇಷ್ಟೆಂದು ಲೆಕ್ಕ, ಆದುದರಿಂದ ಮಳೆಗಾಲದಲ್ಲಿ ಕೈ ಬರಿದು. ಸಣ್ಣ ವಿಮಾನ, ಕಲಿಯುವ ಕೈ, ಅಪಾಯವೂ ಇದೆ. ಏನನ್ನೂ ಮಾಡದೆ ಕೂಡುವುದಂತೂ ಎಲ್ಲಕ್ಕಿಂತ ನಷ್ಟದ್ದು. ಮೋಡದಲ್ಲಿ ಉಪಕರಣಗಳನ್ನು ನೋಡಿ ಹಾರುವ ಅರ್ಹತೆಯನ್ನು ವರ್ಷವರ್ಷ ಹೊಸದು ಮಾಡಿಸಬೇಕು. ಹಾರದೆ ಕುಳಿತವನು ಅದಕ್ಕೂ ಸಾಲ ಮಾಡಬೇಕಾಗುತ್ತದೆ.

ಇಷ್ಟನ್ನು ತಿಳಿದ ಮೇಲೆಯೂ ನನ್ನ ಮನಸ್ಸು ಹಿಂಜರಿಯುತ್ತಿತ್ತು. ಏಕೆಂದು ಹೇಳಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಾನು ಮ್ಯಾಟ್ರಿಕ್ ಮುಗಿಸಿ, ಅಧ್ಯಾಪನದ ತರಬೇತಿ ಪಡೆದು, ಒಂದು ಹಳ್ಳಿಯ ಕನ್ನಡ ಶಾಲೆಗೆ ಸೇರಿದೆ. ಆದರೆ ನನ್ನ ಕಣ್ಣೆಲ್ಲ ರೈಲ್ವೆಯ ಮೇಲೆ. ಮೂರು ಅಳತೆಯ ಹಳಿಗಳು ಕೂಡುತ್ತಿದ್ದ ಆಗಿನ ಮಿರಜ ಜಂಕ್ಷನ್ ನಮ್ಮ ಓರಗೆಯ ಹುಡುಗರಿಗೆ ಇಂದ್ರಲೋಕವೇ ಆಗಿತ್ತು. ಗುಮಾಸ್ತನ ಹುದ್ದೆಗೆ ಅರ್ಜಿ ಹಾಕಿ ಎರಡು ವರ್ಷ ಕರೆಯ ದಾರಿ ಕಾದೆ. ಆ ಎರಡು ವರ್ಷ ನಾನು ಶಾಲೆಯಲ್ಲಿ ಇದ್ದೆ, ಕಲಿಸಲಿಲ್ಲ. ಪುಸ್ತಕ ಮುಗಿಸಿದೆ, ಹಾಜರಿ ಹಾಕಿದೆ. ಭಿನ್ನರಾಶಿ ಯಾರಿಗೆ ತಿಳಿಯಿತು, ಯಾರಿಗೆ ತಿಳಿಯಲಿಲ್ಲ ಎಂದು ನೋಡಲಿಲ್ಲ. ಕರೆ ಬಂದಿತು, ನೇಮಕ ಕುರ್ಡುವಾಡಿಗೆ ಆದುದರಿಂದ ತಾಯಿ ಒಪ್ಪಲಿಲ್ಲ, ನಾನು ಹೋಗಲಿಲ್ಲ. ಅದರಲ್ಲಿ ನನ್ನ ತ್ಯಾಗವೇನೂ ಇಲ್ಲ. ಎಷ್ಟೋ ವರ್ಷಗಳ ನಂತರ ಸಾಂಗಲಿಯ ಅರಿಷಿಣದ ಪೇಟೆಯಲ್ಲಿ ಒಬ್ಬ ಹಮಾಲ ನನ್ನನ್ನು ಗುರುತಿಸಿ ಕಾಲು ಮುಟ್ಟಿ ನಮಸ್ಕರಿಸಿದ. ಕೈಯಲ್ಲಿದ್ದ ಚೀಟಿಯನ್ನು ಮುಂದೆ ಹಿಡಿದು, "ಗುರುಜೀ, ಈ ಪಾವು-ಮುಕ್ಕಾಲಿನ ಹಿಶೋಬ ಒಂದೀಟ ನೋಡಿ ಹೇಳ್ರಿ, ಮುಕಾದಮ ಕಮ್ಮಿ ಕೊಟ್ಟಾನೇನೊ ಅನಸ್ತೈತಿ" ಎಂದ. ಅವನು ಆ ಎರಡು ವರ್ಷಗಳ ಹುಡುಗ. ಲೆಕ್ಕ ಮಾಡಿಕೊಟ್ಟೆ. ನಿಜವಾಗಿಯೂ ಕಡಿಮೆ ಕೊಟ್ಟಿದ್ದರು.

ಎಂಟನೆಯ ದಿನ ತಂದೆ-ಮಗ ಮತ್ತೆ ಬಂದರು. ನಾನು ಹುಡುಗನಿಗೆ ಈ ಹಮಾಲನ ಸಂಗತಿಯನ್ನು ಮೊದಲು ಹೇಳಿದೆ. ಬೋಧಕನ ಕುರ್ಚಿಯನ್ನು ಜಂಕ್ಷನ್ನಿನ ವೇಟಿಂಗ್ ರೂಮು ಎಂದು ತಿಳಿಯುವುದಾದರೆ ಅದರಲ್ಲಿ ಕೂಡಬೇಡ, ನೆಟ್ಟಗೆ ಕಂಪನಿಗೆ ಹೋಗು ಎಂದೆ. ನನ್ನ ಹುಡುಗರಿಗೆ ಭಿನ್ನರಾಶಿ ತಪ್ಪಿತು. ನಿನ್ನ ಹುಡುಗರಿಗೆ ತಪ್ಪುವುದು ಭಿನ್ನರಾಶಿಯಲ್ಲ. ಕಲಿಸಲು ಹೋಗುವುದಾದರೆ ಕೈಗೆ ತೆಗೆದುಕೊಂಡ ವಿದ್ಯಾರ್ಥಿಯ ಲೈಸೆನ್ಸು ಮುಗಿಯುವವರೆಗೆ ಬಿಟ್ಟು ಹೋಗುವುದಿಲ್ಲವೆಂದು ನಿನಗೆ ನೀನೇ ಮಾತು ಕೊಟ್ಟುಕೋ. ನಡುವೆ ಬೋಧಕ ಬದಲಾದರೆ ವಿದ್ಯಾರ್ಥಿ ಕಲಿತದ್ದನ್ನೇ ಮತ್ತೆ ಹಾರಬೇಕಾಗುತ್ತದೆ, ಆ ಒಂದೊಂದು ಗಂಟೆಯೂ ಇನ್ನೊಬ್ಬ ತಂದೆಯ ತೋಟದಿಂದ ಹೋಗುತ್ತದೆ ಎಂದು ನೀನೇ ನನಗೆ ಹೇಳಿದ್ದೀಯಲ್ಲ.

ಕಂಪನಿಯ ಬಗೆಗೆ ನನ್ನ ಅಭಿಪ್ರಾಯ ನೇರವಾಗಿತ್ತು. ನೇಮಕದ ಪತ್ರ ಕೈಗೆ ಬಂದರೆ, ತಾರೀಖು, ಸಂಬಳ, ಕರಾರಿನ ವರ್ಷಗಳು ಅದರಲ್ಲಿ ಬರೆದಿದ್ದರೆ, ಸಾಲದ ಮನೆಯ ಹುಡುಗನು ಅದನ್ನು ಬಿಡಬಾರದು; ಸಹಪೈಲಟ್ ಆಗುವುದರಲ್ಲಿ ಯಾವ ಕೀಳೂ ಇಲ್ಲ, ಅದೂ ಶಿಷ್ಯವೃತ್ತಿಯೇ. ಬಾಯಿಮಾತಿನ ಮೇಲೆ ಉಳಿದ ಎರಡು ಎಕರೆಯನ್ನು ಅಡವಿಟ್ಟು ಟೈಪ್ ರೇಟಿಂಗ್ ಮಾಡಿಸಬಾರದು. ತಂದೆ ಆ ಕ್ಷಣಕ್ಕೆ ತಲೆಯಲ್ಲಾಡಿಸಿದ.

ಆಮೇಲೆ ಹುಡುಗನಿಗೆ ಒಂದು ಪ್ರಶ್ನೆ ಕೇಳಿದೆ. ವಿದ್ಯಾರ್ಥಿ ತಪ್ಪು ಮಾಡುತ್ತಿರುವುದು ಕಣ್ಣಿಗೆ ಕಾಣುತ್ತಿರುವಾಗ ನೀನು ಎಷ್ಟು ಹೊತ್ತು ಕೈ ಹಾಕದೆ ಕೂಡಬಲ್ಲೆ? ಅಧ್ಯಾಪನದ ಗುಟ್ಟೆಲ್ಲ ಇದರಲ್ಲಿದೆಯೆಂದು ನನ್ನ ನಂಬಿಕೆ. ಬೇಗ ಕೈ ಹಾಕಿದರೆ ಅವನು ಎಂದಿಗೂ ಕಲಿಯುವುದಿಲ್ಲ. ತಡ ಮಾಡಿದರೆ ಕಲಿಯಲು ಅವನು ಉಳಿಯುವುದಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನನಗ ಕಲಿಸಿದ ಸರ್ ಕೈ ಯಾವಾಗಲೂ ತೊಡಿ ಮ್ಯಾಲೇ ಇರ್ತಿತ್ತರಿ ಗುರುಜೀ. ಆದ್ರ ಆ ಕೈ ಮಲಗಿರ್ತಿದ್ದಿಲ್ಲ." ಇವನು ಕಲಿಸಬಲ್ಲ ಎಂದು ನನಗೆ ಆಗಲೇ ಅನ್ನಿಸಿತು, ಬಾಯಿಬಿಟ್ಟು ಹೇಳಲಿಲ್ಲ.

ಕಂಪನಿಯಿಂದ ಬರವಣಿಗೆಯಲ್ಲಿ ಏನೂ ಬರಲಿಲ್ಲ. ಹುಡುಗ ಸಹಾಯಕ ಬೋಧಕನ ಪರೀಕ್ಷೆಗೆ ಕುಳಿತು ಪಾಸಾದ. ಕಳೆದ ದಸರೆಗೆ ಬನ್ನಿ ಕೊಡಲು ಬಂದಾಗ ಲಾಗ್ ಬುಕ್ ತಂದಿದ್ದ. ಹಿರಿಯ ಬೋಧಕರ ಮೇಲ್ವಿಚಾರಣೆಯಲ್ಲಿ ಕಲಿಸುತ್ತಾನೆ. ವಿದ್ಯಾರ್ಥಿಯನ್ನು ಮೊದಲ ಸಲ ಒಬ್ಬನನ್ನೇ ಹಾರಲು ಬಿಡುವ ಅಧಿಕಾರ ಇನ್ನೂ ಅವನದಲ್ಲ, ಆ ಸಹಿ ಮೇಲಿನವರದು. ವಿಜಯಪುರದ ಕಡೆಯ ಒಬ್ಬ ವಿದ್ಯಾರ್ಥಿ, ಕನ್ನಡ ಮಾಧ್ಯಮದವನು, ತಿರುವಿನಲ್ಲಿ ಕೈಗೂ ಕಾಲಿಗೂ ಹೊಂದಿಕೆ ತಪ್ಪಿಸಿ ವಿಮಾನವನ್ನು ಜಾರಿಸುತ್ತಿದ್ದನಂತೆ. ಇಂಗ್ಲಿಷಿನಲ್ಲಿ ನಾಲ್ಕು ದಿನ ಹೇಳಿದರೂ ಹತ್ತಲಿಲ್ಲ. ಕೊನೆಗೆ ಇವನು ನೆಲದ ಮೇಲೆ ನಿಲ್ಲಿಸಿಕೊಂಡು, "ಸೈಕಲ್ ತಿರುವುವಾಗ ಬರೇ ಹ್ಯಾಂಡಲ್ ತಿರುವಿದ್ರ ಏನಾಕ್ಕೈತಿ? ಮೈನೂ ಸಂಗಟ ವಾಲಬೇಕಲ್ಲೊ" ಎಂದನಂತೆ. ಮರುದಿನ ಬೆಳಿಗ್ಗೆ ಆ ಹುಡುಗ ತಿರುವನ್ನು ಸರಿಯಾಗಿ ತೆಗೆದುಕೊಂಡ. ರೇಡಿಯೋದಲ್ಲಿ ಮಾತ್ರ ಇಂಗ್ಲಿಷೇ ಇರಲಿ ಎಂದು ಎಚ್ಚರಿಸಿದ್ದೇನೆ ಎಂದ.

ತಂದೆ ಆ ದಿನ ಜೊತೆಯಲ್ಲಿ ಬಂದಿದ್ದ. ಬನ್ನಿಯನ್ನು ಕೈಯಲ್ಲಿಟ್ಟು, ಮಗನು ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋದ ಮೇಲೆ, ಮೆಲ್ಲಗೆ ಕೇಳಿದ: "ಗುರುಜೀ, ಆ ಕಂಪನಿ ಪತ್ರ ಇನ್ನ ಬರಾಕಿಲ್ಲೇನ್ರಿ?"